ಅಗಲಿಕೆಯ ಹಾಡು: ಟ್ಯಾಂಗೊ ಮತ್ತು ತವರು

ಟ್ಯಾಂಗೊ ಎಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುದು ಕುಣಿತ. ಗಂಡು ಹೆಣ್ಣು ಎದೆಗೆ ಎದೆ ತಾಗುವಂತೆ ನಿಂತು ಸರಕ್ಕನೆ ಹೆಜ್ಜೆ ತಿರುಗಿಸುವ ಆ ನೃತ್ಯವನ್ನು ಚಲನಚಿತ್ರಗಳಲ್ಲಿ ನೋಡದವರು ನಮ್ಮಲ್ಲಿ ವಿರಳ. ಆದರೆ ಟ್ಯಾಂಗೊ ಬರಿಯ ಕುಣಿತವಲ್ಲ. ಅದೊಂದು ದೊಡ್ಡ ಹಾಡಿನ ಪರಂಪರೆಯೂ ಹೌದು. ಆ ಹಾಡುಗಳಲ್ಲಿ ಬಹುಪಾಲಿಗೆ ವಸ್ತು ಒಂದೇ: ಕೈಬಿಟ್ಟು ಹೋದ ಒಲವು, ಹಿಂತಿರುಗಲಾಗದ ಊರು.

ಕಳೆದ ವರ್ಷ ನಮ್ಮ ತರಗತಿಯಲ್ಲಿ ಭಾವಗೀತೆಯ ಪಾಠ ನಡೆಯುತ್ತಿದ್ದಾಗ ಅಧ್ಯಾಪಕರು ಈ ಹಾಡುಗಳ ಮಾತೆತ್ತಿದರು. ಒಂದೆರಡನ್ನು ಕೇಳಿಸಿ, ಅರ್ಥ ಬಿಡಿಸಿ ಹೇಳಿ, “ಇಂಥ ಹಾಡು ನಮ್ಮ ಸೀಮೆಯಲ್ಲಿ ಯಾವುದಿದೆ, ಹೇಳಿ ನೋಡೋಣ” ಎಂದರು. ಕಡೂರು, ತರೀಕೆರೆ, ಅಜ್ಜಂಪುರಗಳ ಸುತ್ತಲಿನ ಹಳ್ಳಿಗಳಿಂದ ಬಂದ ನಾವು ನಲವತ್ತು ಮಂದಿ ಕುಳಿತಿದ್ದೆವು. ಒಬ್ಬನು ಒಂದು ಸಿನಿಮಾ ಹಾಡಿನ ಹೆಸರು ಹೇಳಿದ. ಮತ್ತೊಬ್ಬಳು ‘ಮೈಸೂರು ಮಲ್ಲಿಗೆ’ ಎಂದಳು. ನಾನು ಎದ್ದು ನಿಂತು, “ನಮ್ಮ ಜನಪದದಲ್ಲಿ ಇಂಥದ್ದಿಲ್ಲ ಸಾರ್” ಎಂದುಬಿಟ್ಟೆ. ಹಾಗೆ ಹೇಳಿದ್ದು ತಪ್ಪೆಂದು ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು. ಆ ತಪ್ಪಿನ ವಿವರವೇ ಈ ಲೇಖನವೆಂದು ವಾಚಕರು ಭಾವಿಸಬಹುದು.

ಮೊದಲು ಟ್ಯಾಂಗೊ ಹಾಡು ಹುಟ್ಟಿದ ಬಗೆಯನ್ನು ಕುರಿತು ಎರಡು ಮಾತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಮೊದಲನೆಯ ಮಹಾಯುದ್ಧದವರೆಗೆ ಇಟಲಿ, ಸ್ಪೇನ್ ಮೊದಲಾದ ದೇಶಗಳಿಂದ ಲಕ್ಷಾಂತರ ಜನ ಹಡಗು ಹತ್ತಿ ಅರ್ಜೆಂಟೀನದ ಬ್ಯೂನಸ್ ಐರಿಸ್ ನಗರಕ್ಕೆ ಬಂದಿಳಿದರು. 1914ರ ಜನಗಣತಿಯ ವೇಳೆಗೆ ಆ ನಗರದ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಹೊರದೇಶದಲ್ಲಿ ಹುಟ್ಟಿದವರು. ಬಂದವರಲ್ಲಿ ಗಂಡಸರೇ ಹೆಚ್ಚು. ತಾಯಿ, ಊರು, ಮನಸ್ಸಿನಲ್ಲಿದ್ದ ಹುಡುಗಿ ಎಲ್ಲ ಸಮುದ್ರದ ಆಚೆಗೆ ಉಳಿದಿದ್ದರು. ಇವರು ನೆಲೆಸಿದ ಕಟ್ಟಡಗಳನ್ನು ನಮ್ಮ ಮಾತಿನಲ್ಲಿ ವಠಾರಗಳೆನ್ನಬಹುದು: ನಡುವೆ ಅಂಗಳ, ಸುತ್ತ ಕೋಣೆಗಳು, ಕೋಣೆಗೊಂದು ಸಂಸಾರ ಇಲ್ಲವೆ ನಾಲ್ಕಾರು ಒಂಟಿ ಗಂಡಸರು. ಇಟಲಿಯ ಮಾತು, ಸ್ಪೇನಿನ ಮಾತು, ಕಳ್ಳಕಾಕರ ಗುಟ್ಟುನುಡಿ ಎಲ್ಲ ಬೆರೆತು ‘ಲುನ್ಫಾರ್ದೊ’ ಎಂಬ ಬೀದಿಮಾತು ಹುಟ್ಟಿತು. ಟ್ಯಾಂಗೊ ಕವಿಗಳು ಅದನ್ನು ಸಂಕೋಚವಿಲ್ಲದೆ ಬಳಸಿಕೊಂಡರು. ಜತೆಗೆ ಜರ್ಮನಿಯಿಂದ ‘ಬಂದೋನಿಯೋನ್’ ಎಂಬ ವಾದ್ಯ ಬಂದಿತು. ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಗಳಿಂದ ಎಳೆದು ಒತ್ತುವ ತಿದಿಯ ವಾದ್ಯವದು. ನಮ್ಮ ಭಜನೆಮನೆಯ ಹಾರ್ಮೋನಿಯಮ್ಮೂ ಯೂರೋಪಿನಿಂದಲೇ ಬಂದದ್ದಾದುದರಿಂದ ಇವೆರಡನ್ನೂ ದೂರದ ದಾಯಾದಿಗಳೆನ್ನಲು ಅಡ್ಡಿಯಿಲ್ಲ. ಆದರೆ ಬಂದೋನಿಯೋನಿನ ದನಿ ಹಾರ್ಮೋನಿಯಮ್ಮಿನದಕ್ಕಿಂತ ಹೆಚ್ಚು ನರಳುತ್ತದೆ.

1917ರಲ್ಲಿ ಕಾರ್ಲೋಸ್ ಗಾರ್ದೆಲ್ ಎಂಬ ಗಾಯಕ ‘ಮಿ ನೋಚೆ ತ್ರಿಸ್ತೆ’ ಎಂಬ ಹಾಡನ್ನು ಹಾಡಿದ. ಅದರ ಹೆಸರಿಗೆ ‘ನನ್ನ ದುಃಖದ ರಾತ್ರಿ’ ಎಂದರ್ಥ. ಸಾಹಿತ್ಯ ಪಾಸ್ಕುವಲ್ ಕೊಂತೂರ್ಸಿಯದು, ಸಂಗೀತ ಸಾಮ್ಯುಯೆಲ್ ಕಾಸ್ತ್ರಿಯೋತನದು. ಅದಕ್ಕೆ ಮೊದಲು ಟ್ಯಾಂಗೊಗೆ ಮಾತುಗಳಿರಲಿಲ್ಲವೆಂದಲ್ಲ. ಇದ್ದವು ಬಹುಮಟ್ಟಿಗೆ ಪೋಲಿ ಮಾತುಗಳು, ಇಲ್ಲವೆ ಮೀಸೆ ತಿರುವುವ ಜಂಬದ ಮಾತುಗಳು. ಈ ಹಾಡಿನಲ್ಲಿ ಮೊದಲ ಬಾರಿಗೆ ಗಂಡಸೊಬ್ಬ ತನ್ನ ಕೋಣೆಯಲ್ಲಿ ಕುಳಿತು, ಬಿಟ್ಟುಹೋದ ಹೆಣ್ಣನ್ನು ನೆನೆದು, ಆದಿಯಿಂದ ಅಂತ್ಯದವರೆಗೆ ಒಂದು ಕಥೆಯ ಹಾಗೆ ದುಃಖವನ್ನು ತೋಡಿಕೊಂಡ. ಅವಳೇನಾದರೂ ಮರಳಿ ಬಂದಾಳೆಂದು ರಾತ್ರಿ ಬಾಗಿಲ ಅಗುಳಿ ಹಾಕದೆ ಮಲಗುತ್ತಾನೆ. ಗಿಟಾರು ಬೀರುವಿನಲ್ಲಿ ನೇತಾಡುತ್ತಿದೆ, ನುಡಿಸುವವರಿಲ್ಲ. ಕೋಣೆಯ ದೀಪಕ್ಕೂ ಉರಿಯಲು ಮನಸ್ಸಿಲ್ಲ. ಇಷ್ಟೇ ವಿಷಯ. ದೊಡ್ಡ ಮಾತೊಂದೂ ಇಲ್ಲ. ಇರುವುದೆಲ್ಲ ಮನೆಯ ಸಾಮಾನು. ಆ ಸಾಮಾನುಗಳೇ ಅಳುತ್ತವೆ. ಈ ಹಾಡು ತೋರಿದ ದಾರಿಯಲ್ಲಿಯೇ ಮುಂದಿನ ನಾಲ್ಕು ದಶಕಗಳ ಟ್ಯಾಂಗೊ ಕವಿಗಳು ನಡೆದರು.

ಗಾರ್ದೆಲನದೇ ಒಂದು ವಲಸೆಯ ಕಥೆ. 1890ರಲ್ಲಿ ಫ್ರಾನ್ಸಿನ ತುಲೂಸಿನಲ್ಲಿ ಹುಟ್ಟಿ, ಎಳೆಯ ಮಗುವಾಗಿದ್ದಾಗಲೇ ತಾಯಿಯ ಕಂಕುಳಲ್ಲಿ ಬ್ಯೂನಸ್ ಐರಿಸ್ಸಿಗೆ ಬಂದವನು. ತಾಯಿ ಬಟ್ಟೆ ಇಸ್ತ್ರಿ ಮಾಡಿ ಮಗನನ್ನು ಸಾಕಿದಳು. 1935ರಲ್ಲಿ ಅವನು ಅಭಿನಯಿಸಿದ ಒಂದು ಚಿತ್ರಕ್ಕಾಗಿ ಆಲ್ಫ್ರೆದೊ ಲೆ ಪೆರಾ ಬರೆದ ‘ವೊಲ್ವೆರ್’ ಎಂಬ ಹಾಡು, ಅಂದರೆ ‘ಮರಳುವುದು’, ಬಹುಶಃ ಟ್ಯಾಂಗೊ ಹಾಡುಗಳಲ್ಲೆಲ್ಲ ಜಗತ್ತಿಗೆ ಹೆಚ್ಚು ಪರಿಚಿತವಾದುದು. ಕೂದಲು ನರೆತ ಒಬ್ಬ ಬಹುಕಾಲದ ಮೇಲೆ ಊರಿಗೆ ಹಿಂತಿರುಗುತ್ತಿದ್ದಾನೆ. ದೂರದಿಂದ ದೀಪಗಳು ಕಾಣುತ್ತಿವೆ. ಊರು ಕಂಡ ಸಂತೋಷಕ್ಕಿಂತ ತನ್ನ ಹಿಂದಿನ ಬಾಳು ಎದುರಾದೀತೆಂಬ ಅಂಜಿಕೆಯೇ ಅವನಿಗೆ ಹೆಚ್ಚು. ಅದೇ ವರ್ಷ ಜೂನ್ 24ರಂದು ಕೊಲಂಬಿಯದ ಮೆದೆಯೀನಿನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಗಾಯಕ, ಕವಿ ಇಬ್ಬರೂ ತೀರಿಕೊಂಡರು.

ನನಗೆ ವೈಯಕ್ತಿಕವಾಗಿ ಇದಕ್ಕಿಂತಲೂ ಹಿಡಿಸಿದ್ದು 1948ರ ‘ಸೂರ್’. ಹಾಗೆಂದರೆ ‘ತೆಂಕಣ ದಿಕ್ಕು’. ಓಮೆರೊ ಮಾನ್ಸಿಯ ಸಾಹಿತ್ಯ, ಅನೀಬಲ್ ತ್ರೊಯ್ಲೊ ಸಂಗೀತ. ನಗರದ ದಕ್ಷಿಣದ ಬಡಾವಣೆಯೊಂದರ ಬೀದಿ ಕೂಡುವ ಮೂಲೆ, ಕಮ್ಮಾರನ ಮನೆ, ಕೆಸರು ನೆಲ, ಅದರಾಚೆಗೆ ಬಯಲು, ಆ ಬಯಲಿನ ಕಡೆಗೆ ನಡೆದ ಇಬ್ಬರು ಪ್ರಾಯದವರು. ಈಗ ಹುಡುಗಿಯೂ ಇಲ್ಲ, ಬಡಾವಣೆಯೂ ಹಳೆಯದಾಗಿ ಉಳಿದಿಲ್ಲ. ಬೀದಿಗಳನ್ನು ಕವಿ ಹೆಸರಿಟ್ಟೇ ಕರೆಯುತ್ತಾನೆ. ಕಳೆದುಹೋದದ್ದು ಪ್ರೇಮವೋ ಊರೋ ಎಂದು ಬೇರ್ಪಡಿಸಿ ಹೇಳಲು ಬಾರದಂತೆ ಎರಡೂ ಒಂದರೊಳಗೊಂದು ಹೆಣೆದುಕೊಂಡಿರುವುದೇ ಆ ಹಾಡಿನ ಗುಣ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದು ಬೇಕಾಗುತ್ತದೆ.

ಟ್ಯಾಂಗೊ ಹಾಡಿನಲ್ಲಿ ದೋಷವಿಲ್ಲವೆಂದಲ್ಲ. ಅಲ್ಲಿ ಅಳುವವನು ಗಂಡು, ಬಿಟ್ಟುಹೋದವಳು ಹೆಣ್ಣು. ಅವಳು ಏಕೆ ಹೋದಳೆಂಬುದಕ್ಕೆ ಬಹುತೇಕ ಹಾಡುಗಳಲ್ಲಿ ಉತ್ತರವೇ ಇಲ್ಲ. ಪೇಟೆಯ ಥಳಕಿಗೆ ಮರುಳಾದಳೆಂದು ಒಂದು ಮಾತು ಹೇಳಿ ಮುಗಿಸಿಬಿಡುತ್ತಾರೆ. ತಾಯಿಯೊಬ್ಬಳು ಮಾತ್ರ ದೇವತೆ. ಅವಳ ಕಡೆಯ ಮಾತನ್ನು ಹೇಳಬೇಕೆಂದರೆ ಹೆಂಗಸೇ ಬರೆಯಬೇಕಿತ್ತು. ಆದರೆ ಮರೀಯ ಲೂಯಿಸ ಕಾರ್ನೆಲ್ಲಿಯಂಥ ಕವಯಿತ್ರಿ ಕೂಡ ತನ್ನ ಟ್ಯಾಂಗೊಗಳನ್ನು ಗಂಡಸಿನ ಹೆಸರಿಟ್ಟುಕೊಂಡು ಹೊರತರಬೇಕಾಯಿತು.

ಈಗ ನಮ್ಮ ಕಡೆಗೆ ಬರೋಣ. ಅಧ್ಯಾಪಕರ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಮೊದಲು ಹೋದದ್ದು ಪುಸ್ತಕಗಳ ಬಳಿಗೆ. ಅಗಲಿಕೆಯ ದುಃಖವನ್ನು ಹಾಡಿದ ದೊಡ್ಡ ಕವಿ ನಮ್ಮ ಕಡೂರು ತಾಲೂಕಿನಲ್ಲಿಯೇ ಇದ್ದಾನೆ: ದೇವನೂರಿನ ಲಕ್ಷ್ಮೀಶ. ಅವನ ‘ಜೈಮಿನಿ ಭಾರತ’ವನ್ನು ಓದಲು ಬಾರದವರೂ ಗಮಕಿಗಳ ಬಾಯಿಂದ ಕೇಳಿ ಬಲ್ಲರು. ತುಂಬಿದ ಬಸುರಿಯಾದ ಸೀತೆಯನ್ನು ಲಕ್ಷ್ಮಣ ಕಾಡಿನಲ್ಲಿ ಬಿಟ್ಟು ಹೊರಡುವ ಭಾಗವನ್ನು ಕೇಳಿ ಕಣ್ಣೊರಸಿಕೊಳ್ಳದ ಹಿರಿಯರು ನಮ್ಮ ಹಳ್ಳಿಗಳಲ್ಲಿ ಇರಲಾರರು. ಆದರೆ ಅಲ್ಲಿ ಅಳುವವಳು ಹೆಣ್ಣು, ಬಿಟ್ಟವನು ಗಂಡು. ಟ್ಯಾಂಗೊದ ಚಿತ್ರ ಇಲ್ಲಿ ತಲೆಕೆಳಗು.

ಗಂಡು ಅಳುವ ಹಾಡೂ ಇಲ್ಲವೆ? ಒಂದು ಇದೆ. ‘ಕೆರೆಗೆ ಹಾರ’ವೆಂಬ ಕಥನಗೀತೆ ಎಲ್ಲರಿಗೂ ಗೊತ್ತು. ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆ ಭಾಗೀರಥಿಯನ್ನು ಬಲಿಕೊಡುತ್ತಾರೆ. ದಂಡಿನಲ್ಲಿದ್ದ ಗಂಡ ಕೆಟ್ಟ ಕನಸು ಕಂಡು ಕುದುರೆಯೇರಿ ಬರುತ್ತಾನೆ. ಮನೆಯವರು ಅಲ್ಲಿ ಹೋದಳು, ಇಲ್ಲಿ ಹೋದಳು ಎಂದು ಸುಳ್ಳು ಹೇಳುತ್ತಾರೆ. ಕೊನೆಗೆ ಅವನೂ ಅದೇ ಕೆರೆಗೆ ಹಾರುತ್ತಾನೆ. ಕಡೂರಿನವರಾದ ನಮಗೆ ಇದು ದೂರದ ಕಥೆಯಲ್ಲ. ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆಯೊಂದಿಗೆ ಕೆಂಚಮ್ಮನ ಹೆಸರು ಸೇರಿಕೊಂಡಿದೆ. ಮಾಯದ ಮಳೆ ಬಂದು ಆ ಕೆರೆ ತುಂಬಿದ ಹಾಡನ್ನು ನಾವು ಶಾಲೆಯಲ್ಲಿ ಕುಣಿಕುಣಿದು ಹಾಡಿದ್ದೇವೆ. ಆದರೂ ‘ಕೆರೆಗೆ ಹಾರ’ದ ಗಂಡ ನೆನೆದು ಕೊರಗುತ್ತ ಕೂರುವವನಲ್ಲ. ಅವನಿಗೆ ಆ ವ್ಯವಧಾನವಿಲ್ಲ; ಹಾಡು ಅವನ ಸಾವಿನೊಂದಿಗೆ ಮುಗಿಯುತ್ತದೆ. ಟ್ಯಾಂಗೊದ ನಾಯಕನಾದರೋ ಸಾಯುವುದಿಲ್ಲ, ಇಪ್ಪತ್ತು ಮೂವತ್ತು ವರ್ಷ ಬದುಕಿ ನೆನೆಯುತ್ತಾನೆ. ಹಾಗೆ ಬಹುಕಾಲ ಬದುಕಿ ನೆನೆಯುವವರು ನಮ್ಮಲ್ಲಿ ಯಾರು?

ಉತ್ತರ ಸಿಕ್ಕಿದ್ದು ಅಕ್ಕನ ಮದುವೆಯಲ್ಲಿ. ಹಿತ್ತಲಿನಲ್ಲಿ ಮಗುಚಿ ಬಿದ್ದಿದ್ದ ಬೀಸುವ ಕಲ್ಲನ್ನು ಶಾಸ್ತ್ರಕ್ಕೆಂದು ತೊಳೆದು, ಅರಿಶಿನ ಕುಂಕುಮ ಹಚ್ಚಿ, ನಡುಮನೆಗೆ ತಂದಿಟ್ಟರು. ಐವರು ಮುತ್ತೈದೆಯರು ನಾಲ್ಕು ಸುತ್ತು ತಿರುಗಿಸಿದರೆ ಶಾಸ್ತ್ರ ಮುಗಿದಂತೆ. ಅದು ಮುಗಿದ ಮೇಲೆ, ಒಂದು ಕಡೆ ಕುಳಿತಿದ್ದ ಅಜ್ಜಿ ಬಂದು ಕಲ್ಲಿನ ಮುಂದೆ ಕಾಲು ಚಾಚಿ ಕುಳಿತಳು. ಎದುರಿಗೆ ನೆರೆಮನೆಯ ದೊಡ್ಡಮ್ಮ. ಅಜ್ಜಿಗೆ ಎಂಬತ್ತು ದಾಟಿದೆ. ಅವಳು ಅಜ್ಜಂಪುರದ ಕಡೆಯ ಎರೆಮಣ್ಣಿನ ಊರಿನವಳು. ದೊಡ್ಡಮ್ಮ ತರೀಕೆರೆಯ ಆಚೆಯವರು. ಇಬ್ಬರೂ ಗೂಟ ಹಿಡಿದರು. ಫೋಟೋದವನು ಬೇಸರದಿಂದ ಗಡಿಯಾರ ನೋಡುತ್ತಿದ್ದ. ಮುಕ್ಕಾಲು ಗಂಟೆ ಅವರು ನಿಲ್ಲಿಸಲಿಲ್ಲ.

ಬೀಸುವ ಪದದ ಕಟ್ಟಡವನ್ನು ಸ್ವಲ್ಪ ವಿವರಿಸಬೇಕು. ಅದರ ಛಂದಸ್ಸು ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು 1300 ವರ್ಷಗಳ ಹಿಂದೆಯೇ, ಕಾಣುವ ಅಚ್ಚಗನ್ನಡದ ಮಟ್ಟು ಇದು. ಬರಹದಲ್ಲಿ ಮೂರು ಸಾಲು. ಹಾಡುವಾಗ ಎರಡನೆಯ ಸಾಲಿನ ಒಂದು ಭಾಗ ಮತ್ತೆ ಬಂದು ನಾಲ್ಕಾಗುತ್ತದೆ. ಈ ಮರುಕಳಿಕೆ ಸುಮ್ಮನೆ ಬಂದದ್ದಲ್ಲ. ಒಬ್ಬಳು ಸೊಲ್ಲೆತ್ತಿದರೆ ಎದುರಿನವಳು ಅದನ್ನು ಹಿಡಿದು ಹೇಳುವಷ್ಟರಲ್ಲಿ ಮೊದಲಿನವಳಿಗೆ ಮುಂದಿನ ಸಾಲನ್ನು ಕಟ್ಟಿಕೊಳ್ಳಲು ಬಿಡುವು ಸಿಗುತ್ತದೆ. ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಹಾಕಲು ಕೂಡ. ಎಂದರೆ ಇವು ಬಾಯಿಪಾಠದ ಹಾಡುಗಳಷ್ಟೇ ಅಲ್ಲ, ಅರ್ಧ ಹಳೆಯದು, ಅರ್ಧ ಆ ಕ್ಷಣಕ್ಕೆ ಹುಟ್ಟಿದ್ದು. ಅಚ್ಚು ಎಲ್ಲರದು, ಅದರೊಳಗೆ ಹೊಯ್ಯುವ ಹೆಸರು ಅವರವರದು. ಅಣ್ಣನಿದ್ದವಳು ಅಣ್ಣನನ್ನು ಹಾಡುತ್ತಾಳೆ, ಇಲ್ಲದವಳು ತಂದೆಯನ್ನು, ಯಾರೂ ಇಲ್ಲದವಳು ಹಿತ್ತಲ ಗಿಡವನ್ನು.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಸಂಗ್ರಹವನ್ನು ನಮ್ಮ ಗ್ರಂಥಾಲಯದಲ್ಲಿ ಯಾರು ಬೇಕಾದರೂ ನೋಡಬಹುದು. ಅಲ್ಲಿಯೂ, ನಮ್ಮ ನಡುಮನೆಯಲ್ಲಿ ಕೇಳಿದ್ದರಲ್ಲಿಯೂ ಎಲ್ಲಕ್ಕೂ ಮೇಲಾದ ವಸ್ತು ತವರು. ಹಬ್ಬಕ್ಕೆ ಕರೆಯಲು ಅಣ್ಣ ಬಾರನೇಕೆಂಬ ಕಾತರ, ತಾಯಿ ತೀರಿಕೊಂಡ ತವರಿಗೆ ಕಾಲಿಡಲಾರದ ಸಂಕಟ, ಅತ್ತಿಗೆಯ ಬಿರುನುಡಿ, ಇಷ್ಟಾದರೂ ಆ ಮನೆ ತಣ್ಣಗಿರಲೆಂಬ ಹರಕೆ. ನಾನು ಇದನ್ನೆಲ್ಲ ಚಿಕ್ಕಂದಿನಿಂದ ಕೇಳಿದ್ದೆ. ತವರಿನ ಹಾಡು ಎಂದು ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದೆ. ಪ್ರೇಮದ ಹಾಡು ಬೇರೆಯೇ ಡಬ್ಬಿಯಲ್ಲಿರಬೇಕೆಂದೂ, ಆ ಡಬ್ಬಿ ನಮ್ಮಲ್ಲಿ ಬರಿದೆಂದೂ ತಿಳಿದಿದ್ದೆ.

ಆ ದಿನ ಕಲ್ಲಿನ ಸದ್ದಿನ ನಡುವೆ ಹಠಾತ್ತನೆ ಹೊಳೆಯಿತು: ಬ್ಯೂನಸ್ ಐರಿಸ್ಸಿನ ಆ ಒಂಟಿ ಗಂಡಸರು ಮಾಡಿದ್ದನ್ನು ನಮ್ಮಲ್ಲಿ ಪ್ರತಿಯೊಬ್ಬ ಹೆಣ್ಣುಮಗಳೂ ಮಾಡಿದ್ದಾಳೆ. ಹುಟ್ಟಿದ ಊರು ಬಿಟ್ಟು, ಗೊತ್ತಿಲ್ಲದವರ ಮನೆಗೆ ಬಂದು, ಅಲ್ಲಿಯ ಮಾತಿನ ಧಾಟಿ ಕಲಿತು, ಅಲ್ಲಿಯ ಊಟಕ್ಕೆ ನಾಲಗೆ ಒಗ್ಗಿಸಿಕೊಂಡವಳು ಅವಳು. ಅಜ್ಜಿ ಜೋಳದ ರೊಟ್ಟಿಯ ಸೀಮೆಯಿಂದ ರಾಗಿಮುದ್ದೆಯ ಮನೆಗೆ ಬಂದಳು. ಅಜ್ಜಂಪುರದಿಂದ ಕಡೂರಿಗೆ ರೈಲಿನಲ್ಲಿ ಈಗ ಒಂದು ಗಂಟೆಯ ಹಾದಿಯೂ ಅಲ್ಲ. ಬೀರೂರಿನಲ್ಲಿ ಹಳಿ ಎರಡಾಗಿ ಒಂದು ತರೀಕೆರೆಯ ಮೇಲೆ ಶಿವಮೊಗ್ಗಕ್ಕೂ, ಮತ್ತೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೂ ಹೋಗುತ್ತದೆ. ಅಜ್ಜಿಯ ತವರು ಒಂದು ಹಳಿಯ ಮೇಲೆ, ದೊಡ್ಡಮ್ಮನದು ಇನ್ನೊಂದರ ಮೇಲೆ. ನೇಪಲ್ಸಿನಿಂದ ಬಂದವನು ಊರಿಗೆ ಮರಳಬೇಕಾದರೆ ಹಡಗಿನ ಟಿಕೀಟಿಗೆ ಹಣ ಕೂಡಿಡಬೇಕಿತ್ತು. ಇವರಿಗೆ ಅತ್ತೆಯ ಅಪ್ಪಣೆ ಬೇಕಿತ್ತು. ಅಜ್ಜಿಗೆ ಮದುವೆಯಾದ ಮೇಲೆ ಮೊದಲ ಸಲ ತವರಿಗೆ ಹೋಗಲು ಸಾಧ್ಯವಾದದ್ದು ಎರಡು ವರ್ಷದ ಮೇಲಂತೆ. ಅವಳದೇ ಲೆಕ್ಕದಲ್ಲಿ, ಬದುಕಿನಲ್ಲಿ ಒಟ್ಟು ಹದಿನಾಲ್ಕು ಸಲ.

ದೊಡ್ಡಮ್ಮನ ಹಾಡು ಅಜ್ಜಿಯ ಹಾಡಿನಂತಿರಲಿಲ್ಲ. ಅಜ್ಜಿಯ ತವರಿನಲ್ಲಿ ಎರೆಹೊಲ, ಹತ್ತಿ, ಜೋಳದ ತೆನೆ, ಹಗ್ಗದ ಮೇಲೆ ಹಗ್ಗ ಕಟ್ಟಿದರೂ ನೀರು ನಿಲುಕದ ಬಾವಿ. ದೊಡ್ಡಮ್ಮನದರಲ್ಲಿ ಅಡಕೆಯ ತೋಟ, ಗದ್ದೆಯ ಬದು, ಮಳೆ ಹಿಡಿದರೆ ಬಿಡದ ಆಷಾಢ. ಅವರ ತವರೂರು ಈಗ ಇಲ್ಲ. ಲಕ್ಕವಳ್ಳಿಯಲ್ಲಿ ಭದ್ರೆಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಅದೇ ನೀರು ಕಾಲುವೆಗಳಲ್ಲಿ ಹರಿದು ಎಷ್ಟೋ ಊರುಗಳ ಹೊಲ ಹಸುರಾಯಿತು. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಸಗೆಯಲ್ಲಿ ನೀರು ಇಳಿದಾಗ ದೇವಸ್ಥಾನದ ಕಲ್ಲು ಕಾಣುತ್ತದೆಂದು ಯಾರಾದರೂ ಹೇಳಿದರೆ ದೊಡ್ಡಮ್ಮ ಎದ್ದು ಒಳಗೆ ಹೋಗುತ್ತಾರೆ. ಮಾನ್ಸಿಯ ಬಡಾವಣೆಯನ್ನು ನಗರ ನುಂಗಿತು, ದೊಡ್ಡಮ್ಮನ ಊರನ್ನು ನೀರು ನುಂಗಿತು. ಅವನು ಬೀದಿಯ ಮೂಲೆಗಳನ್ನು ಹೆಸರಿಟ್ಟು ಕರೆದಂತೆಯೇ ಇವರು ಪದದಲ್ಲಿ ಓಣಿಗಳನ್ನೂ ತೋಟಗಳನ್ನೂ ಒಂದೊಂದಾಗಿ ಕರೆದರು. ನಾನು ಹದಿನೇಳು ಹೆಸರು ಎಣಿಸಿದೆ. ಅವುಗಳಲ್ಲಿ ಒಂದೂ ಈಗ ನೆಲದ ಮೇಲಿಲ್ಲ.

ಇನ್ನು ಪ್ರೇಮದ ಮಾತು. ಅಜ್ಜಿಯ ಪದದಲ್ಲಿ ತವರಿನ ಒಂದೊಂದೇ ಸಂಗತಿ ಬರುತ್ತಿತ್ತು: ಅವ್ವ, ಅಣ್ಣ, ಕಪ್ಪು ಹಸು, ಬಾವಿಕಟ್ಟೆ, ಜಾಜಿಯ ಬಳ್ಳಿ. ಕೊನೆಗೆ, ಪ್ರತಿ ಸುತ್ತಿನಲ್ಲಿಯೂ ಕೊನೆಗೇ, ಕಾವಲಿನಲ್ಲಿ ದನ ಕಾಯುವ ಒಬ್ಬನು ಬರುತ್ತಿದ್ದ. ಅಜ್ಜಂಪುರದ ಅಮೃತಮಹಲ್ ಕಾವಲು ನಮ್ಮವರಿಗೆ ಗೊತ್ತಿರುವುದೇ; ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ಗೆ ಟಿಪ್ಪುವಿನ ಕಾಲದಲ್ಲಿ ಬಂದ ಹೆಸರು ಅದು. ಅವನಿಗೆ ಹೆಸರಿಲ್ಲ, ಮುಖವಿಲ್ಲ. ಅವನು ಸಂಜೆ ದನ ಹೊಡೆದುಕೊಂಡು ಹೋಗುವಾಗ ಎದ್ದ ಧೂಳು ಮಾತ್ರ ಇತ್ತು. ಅಣ್ಣನಿಗೆ ಹರಸಿದ ಹಾಗೆಯೇ ಅವನಿಗೂ ಒಂದು ಹರಕೆ. ಬೇರೆ ಯಾರೂ ಗಮನಿಸಿದಂತೆ ಕಾಣಲಿಲ್ಲ. ಕೊಂತೂರ್ಸಿಯ ಗಿಟಾರು, ಆರಿದ ದೀಪಗಳು ನನ್ನ ತಲೆಯಲ್ಲಿದ್ದವಾದುದರಿಂದ ನನಗೆ ಕೇಳಿಸಿತೋ ಏನೋ.

ಮದುವೆಯ ಗದ್ದಲ ಇಳಿದ ಮೇಲೆ, “ಅಜ್ಜಿ, ಪದದಲ್ಲಿ ದನ ಕಾಯೋನು ಅಂತ ಬಂತಲ್ಲ, ಅದ್ಯಾರು?” ಎಂದು ಕೇಳಿದೆ.

“ದನ ಕಾಯೋನು ಕಣಪ್ಪ. ಇನ್ಯಾರು?” ಎಂದಳು.

“ದೊಡ್ಡಮ್ಮನ ಪದದಾಗೆ ಅವನಿಲ್ಲವಲ್ಲ.”

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. “ಅವಳೂರಾಗೆ ಕಾವಲಿತ್ತಾ?” ಎಂದಳು. ಸ್ವಲ್ಪ ಹೊತ್ತಿನ ಮೇಲೆ, “ಎಲ್ಲಾನೂ ಪದದಾಗೆ ಹೇಳಕಾಗ್ತದೇನೋ” ಎಂದು ಎದ್ದು ಹೋದಳು.

ನಾನು ಇದಕ್ಕೆ ಹೆಚ್ಚಿನ ಅರ್ಥ ಕಟ್ಟುತ್ತಿದ್ದೇನೆಂದು ಆಕ್ಷೇಪಿಸಬಹುದು. ಇರಲಿ. ಆದರೆ ಒಂದು ವಿಷಯವನ್ನು ಯೋಚಿಸಬೇಕು. ಮದುವೆಗೆ ಮುಂಚಿನ ಒಲವನ್ನು ಗರತಿಯಾದವಳು ಬಾಯಿಬಿಟ್ಟು ಹಾಡುವಂತಿರಲಿಲ್ಲ. ಅತ್ತೆ ಪಕ್ಕದ ಕೋಣೆಯಲ್ಲಿಯೇ ಮಲಗಿದ್ದಾಳೆ. ತವರನ್ನು ನೆನೆಯಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ. ಹೀಗಿರುವಾಗ ಕಳೆದುಹೋದದ್ದೆಲ್ಲ ತವರೆಂಬ ಒಂದೇ ಬಾಗಿಲಿನಿಂದ ಒಳಗೆ ಬರಬೇಕಾಯಿತು: ತಾಯಿಯೂ, ಗೆಳತಿಯೂ, ಜಾಜಿಯ ಬಳ್ಳಿಯೂ, ಅವರ ಹಿಂದೆ ಮರೆಯಾಗಿ ಇನ್ನೊಬ್ಬನೂ. ‘ಸೂರ್’ ಹಾಡಿನಲ್ಲಿ ಊರನ್ನೂ ಹುಡುಗಿಯನ್ನೂ ಬೇರ್ಪಡಿಸಲು ಬಾರದೆಂದು ಹಿಂದೆ ಹೇಳಿದೆನಷ್ಟೆ. ಮಾನ್ಸಿಗೆ ಅದು ಕವಿತ್ವದ ಆಯ್ಕೆ. ಅಜ್ಜಿಗೆ ಬೇರೆ ದಾರಿಯಿರಲಿಲ್ಲ.

ಆ ದಿನ ತರಗತಿಯಲ್ಲಿ ನನ್ನ ಸಹಪಾಠಿ ಹೇಳಿದ ‘ಮೈಸೂರು ಮಲ್ಲಿಗೆ’ಯನ್ನು ಈಗ ಓದಿದರೆ ಬೇರೆಯಾಗಿ ಕಾಣುತ್ತದೆ. ಕೆ. ಎಸ್. ನರಸಿಂಹಸ್ವಾಮಿಯವರ ಈ ಸಂಕಲನ ಬಂದದ್ದು 1942ರಲ್ಲಿ, ಕವಿಗೆ ಇಪ್ಪತ್ತೇಳು ವರ್ಷವಾಗಿದ್ದಾಗ. ಕಾಳಿಂಗರಾಯರ ಕಂಠದಿಂದಲೂ, ಮುಂದೆ ಅಶ್ವಥ್ ಅವರ ಕ್ಯಾಸೆಟ್ಟುಗಳಿಂದಲೂ ಅದು ಓದು ಬಾರದವರ ಮನೆಗೂ ಹೋಯಿತು. ಅಲ್ಲಿಯೂ ಅಗಲಿಕೆಯಿದೆ, ಆದರೆ ಹೆಂಡತಿ ಹೋಗಿರುವುದು ತವರಿಗೆ. ಬಳೆಗಾರ ಚೆನ್ನಯ್ಯ ನವಿಲೂರಿನಿಂದ ಸುದ್ದಿ ತರುತ್ತಾನೆ. ಇಂದಲ್ಲ ನಾಳೆ ಅವಳು ಬಂದಾಳು. ಇಲ್ಲಿ ಕಾಯುವವನು ಗಂಡು. ಹೆಣ್ಣು ಹಾಡಿಕೊಂಡು ಬಂದ ತವರನ್ನು ನಮ್ಮ ಕಾವ್ಯದಲ್ಲಿ ಗಂಡು ಹೊರಗಿನಿಂದ, ತುಸು ಹೊಟ್ಟೆಕಿಚ್ಚಿನಿಂದ ನೋಡಿದ್ದು ಈ ಪುಸ್ತಕದಲ್ಲಿ. ಕನ್ನಡಿಗರು ಅದನ್ನು ಅಷ್ಟು ಪ್ರೀತಿಸಲು ಅದರ ಸುಖವೇ ಕಾರಣವೆನ್ನುತ್ತಾರೆ. ಅದು ಸರಿ. ಆದರೆ ಓದುವ ಹೆಂಗಸರಿಗೆ, ತವರಿಗೆ ಹೋಗಲು ಅಷ್ಟು ಸುಲಭವಾಗಿ ಬಿಡುವ ಗಂಡನೂ ಒಂದು ಸುಖದ ಕನಸಾಗಿದ್ದಿರಬಹುದು.

ಅಜ್ಜಂಪುರದವರೇ ಆದ ‘ಆನಂದ’ರನ್ನು, ಅಂದರೆ ಅಜ್ಜಂಪುರ ಸೀತಾರಾಮರನ್ನು (1902–1963) ಇಲ್ಲಿ ನೆನೆಯದೆ ಹೋದರೆ ಊರಿನವರು ನನ್ನನ್ನು ಬಿಡಲಾರರು. ಅವರ ‘ನಾನು ಕೊಂದ ಹುಡುಗಿ’ ಕಥೆಯಲ್ಲಿ ಓದಿದ ಗಂಡಸೊಬ್ಬ ಹಳ್ಳಿಯ ಮುಗ್ಧೆಗೆ ಒಳ್ಳೆಯ ಬುದ್ಧಿ ಹೇಳಲು ಹೋಗಿ ಅವಳ ಸಾವಿಗೆ ಕಾರಣನಾಗುತ್ತಾನೆ. ಆಮೇಲೆ ಅದನ್ನು ನೆನೆದು ಬೇಯುತ್ತಾನೆ. ಅದು ಪ್ರೇಮಕಥೆಯಲ್ಲ, ಹಾಡೂ ಅಲ್ಲ. ಆದರೆ ಟ್ಯಾಂಗೊದ ಗಂಡಸರಲ್ಲಿ ನನಗೆ ಕಾಣದೆ ಹೋದ ಒಂದು ಗುಣ ಅದರಲ್ಲಿದೆ: ತನ್ನ ತಪ್ಪೆಷ್ಟು ಎಂದು ಕೇಳಿಕೊಳ್ಳುವುದು.

ಬೀಸುವ ಪದ ನಿಂತದ್ದು ಹಿಟ್ಟಿನ ಮಿಲ್ಲು ಬಂದ ಮೇಲೆ. ಕೋಳಿ ಕೂಗುವ ಮುನ್ನ ಎದ್ದು ತೋಳು ಸೋಲುವವರೆಗೆ ಬೀಸುತ್ತಿದ್ದವರನ್ನು ಕೇಳಿದರೆ ಮಿಲ್ಲು ಬಂದದ್ದೇ ಪುಣ್ಯವೆನ್ನುತ್ತಾರೆ. ಪದ ಹೋಯಿತೆಂದು ಮರುಗುವವರು ಕಲ್ಲು ತಿರುಗಿಸದ ನಮ್ಮಂಥವರು. ತವರಿನ ದುಃಖ ಮಾತ್ರ ಸಿನಿಮಾಕ್ಕೆ ಹೋಗಿ ಸೇರಿಕೊಂಡಿತು. ‘ಹಾಲುಂಡ ತವರು’ (1994), ‘ತವರಿಗೆ ಬಾ ತಂಗಿ’ (2002) ಚಿತ್ರಗಳು ಕಡೂರಿನ ಟೆಂಟಿನಲ್ಲಿಯೂ ಟಾಕೀಸಿನಲ್ಲಿಯೂ ಹೆಂಗಸರನ್ನು ಎಷ್ಟು ಅಳಿಸಿದುವೆಂಬುದನ್ನು ನಮ್ಮ ತಾಯಂದಿರು ಈಗಲೂ ಹೇಳುತ್ತಾರೆ. ಆದರೆ ಅಲ್ಲಿ ಹೇಳುವುದು ಕುಟುಂಬದ ಕಥೆ. ಕೊನೆಗೆ ಬರುತ್ತಿದ್ದ ಆ ಇನ್ನೊಬ್ಬನಿಗೆ ಸಿನಿಮಾದ ತವರಿನಲ್ಲಿ ಜಾಗವಿಲ್ಲ.

ಮದುವೆಯಾದ ಒಂದು ತಿಂಗಳಿಗೆ ಅಜ್ಜಂಪುರದಲ್ಲಿ ನೆಂಟರ ಮನೆಯ ಗೃಹಪ್ರವೇಶವಿತ್ತು. ಮಾವನ ಕಾರಿನಲ್ಲಿ ಅಜ್ಜಿಯನ್ನೂ ಕರೆದೊಯ್ದೆವು. ಅವಳ ಲೆಕ್ಕಕ್ಕೆ ಹದಿನೈದನೆಯ ಸಲ. ಅವಳ ತವರಿನ ಮನೆ ಬಿದ್ದುಹೋಗಿ ಅಲ್ಲಿ ಗೊಬ್ಬರದ ಅಂಗಡಿಯ ಗೋಡೌನು ಎದ್ದಿದೆ. ಬಾವಿಯನ್ನು ಮುಚ್ಚಿದ್ದಾರೆ. ಅಜ್ಜಿ ಕಾರಿನಿಂದ ಇಳಿಯಲಿಲ್ಲ. ಗಾಜಿನ ಹಿಂದಿನಿಂದಲೇ ನೋಡಿ, “ನಡೀರಿ, ಹೊತ್ತಾಯ್ತದೆ” ಎಂದಳು. ಹಿಂತಿರುಗುವಾಗ ಕಾವಲಿನ ಪಕ್ಕದಲ್ಲಿ ದನಗಳು ರಸ್ತೆ ದಾಟುತ್ತಿದ್ದವು. ಬೂದುಬಣ್ಣದ, ಹಿಂದಕ್ಕೆ ಬಾಗಿ ಚೂಪಾಗಿ ಏರಿದ ಕೊಂಬಿನ ಅಮೃತಮಹಲ್ ಹಸುಗಳು. ಮಾವ ಹಾರನ್ನು ಒತ್ತಲು ಹೋದರು. ಅಜ್ಜಿ ಬೇಡವೆಂದು ಅವರ ಭುಜ ಹಿಡಿದಳು. ಕೊನೆಯ ಹಸು ದಾಟಿ ಧೂಳು ಇಳಿಯುವವರೆಗೆ ನೋಡುತ್ತಿದ್ದು, “ಕೊಂಬು ಹಂಗೇ ಅವೆ” ಎಂದಳು.

ಬೀರೂರು ದಾಟುವವರೆಗೆ ಮತ್ತೆ ಮಾತಾಡಲಿಲ್ಲ.